ವಯೋಮಿತಿ ಬರೆಯದ ಸೀಟು

ಗಂಡ ಬದುಕಿದ್ದಾನೆ ಎಂಬ ಒಂದೇ ಕಾರಣಕ್ಕೆ ಮೀಟರಕ್ಕನ ಕೈಯಿಂದ ಹನ್ನೊಂದು ವಿದ್ಯಾರ್ಥಿವೇತನಗಳು ತಪ್ಪಿಹೋದವು.

"ನಡುವೆ ಓದು ಬಿಟ್ಟ ಮಹಿಳೆಯರಿಗೆ," ಎಂದು ಮಗಳು ಫೋನಿನಲ್ಲಿ ಬೆರಳಾಡಿಸುತ್ತ ಓದಿದಳು. ಸ್ವಲ್ಪ ಕೆಳಗೆ ಇಳಿದು, "ಇಲ್ಲಿದೆ ನೋಡು. ವಿಧವೆಯರು, ವಿಚ್ಛೇದಿತರು, ಗಂಡ ಬಿಟ್ಟವರು ಮಾತ್ರ," ಎಂದಳು.

ತಾಯಿ ಮಗಳಿಬ್ಬರೂ ಸೋಫಾದ ಕಡೆ ನೋಡಿದರು. ಅಲ್ಲಿ ಮೇಲ್ಕಂಡ ಗಂಡ, ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದು, ಕಾಲು ಚಾಚಿ, ಆರೋಗ್ಯವೇ ಮೈವೆತ್ತ ಹಾಗೆ ಮಲಗಿದ್ದ.

"ನಾನೇನು ಮಾಡ್ಲಿ ಹೇಳಿ," ಎಂದ ಅವನು ಕಣ್ಣು ತೆರೆಯದೆ. "ಒಂದು ವಾರ ಎಲ್ಲಾದ್ರೂ ಹೋಗಿ ಬರ್ಲಾ?"

"ಹೋಗಿ ಬಂದ್ರೆ ಸಾಲಲ್ಲ ಅಪ್ಪಾ. ಸರ್ಟಿಫಿಕೇಟ್ ಕೇಳ್ತಾರೆ."

ಮಗಳು ಒಟ್ಟು ನಲವತ್ತಮೂರು ವಿದ್ಯಾರ್ಥಿವೇತನಗಳನ್ನು ಹುಡುಕಿದ್ದಳು. ಇಪ್ಪತ್ತೈದು ವರ್ಷದ ಒಳಗಿನವರಿಗೆ ಬಹಳಷ್ಟಿದ್ದವು. ಅವಳಿ ಮಕ್ಕಳಿಗೆ ಎರಡು. ಆರು ಅಡಿಗಿಂತ ಎತ್ತರದ ಹೆಣ್ಣುಮಕ್ಕಳಿಗೆ ಒಂದು, ಅದನ್ನು ಕೊಟ್ಟ ಪುಣ್ಯಾತ್ಮನ ಹೆಂಡತಿ ಎಷ್ಟೆತ್ತರ ಇದ್ದಳೋ. ಮೀಟರಕ್ಕನ ವಯಸ್ಸು ನಲವತ್ತೊಂದು, ಎತ್ತರ ಐದು ಅಡಿ ಎರಡು ಇಂಚು, ಹುಟ್ಟಿದ್ದು ಒಬ್ಬಳೇ. ಜಗತ್ತಿನಲ್ಲಿ ಕಷ್ಟಪಡುವವರ ಪಟ್ಟಿ ತಯಾರಿಸಿದವರು ಅವಳನ್ನು ಎಲ್ಲ ಕಡೆಯೂ ಕೂದಲೆಳೆಯಲ್ಲಿ ಬಿಟ್ಟಿದ್ದರು.

ಬೇಡ ಅನ್ನುವ ಹಾಗೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳು ನೀರು ಸರಬರಾಜು ಇಲಾಖೆಗಾಗಿ ಮನೆಮನೆ ತಿರುಗಿ ಮೀಟರ್ ಓದುತ್ತಿದ್ದಳು. ಈಗ ತಮ್ಮ ಲೆಕ್ಕವನ್ನು ತಾವೇ ಕಚೇರಿಗೆ ಕಳಿಸುವ ಮೀಟರುಗಳು ಬರುತ್ತಿದ್ದವು. ಓದುವವರನ್ನೆಲ್ಲ 'ಸೇವೆಯಿಂದ ಬಿಡುಗಡೆ' ಮಾಡಲಾಗುವುದು ಎಂದು ಸುತ್ತೋಲೆ ಹೇಳಿತ್ತು. ಕೆಲಸದಿಂದ ಕಿತ್ತುಹಾಕುವಾಗಲೂ ಉಪಕಾರ ಮಾಡಿದ ಧಾಟಿ ಬಿಡದಿರುವುದು ಇಲಾಖೆಗಳ ಹುಟ್ಟುಗುಣ. ಒಂದೇ ಒಂದು ಕಿಂಡಿ ಇತ್ತು. ನೀರಿನ ಪರೀಕ್ಷೆಯ ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿದ ಚೀಟಿಯನ್ನು ನಿಗದಿತ ದಿನದೊಳಗೆ ತಂದು ತೋರಿಸಿದವರನ್ನು ಪ್ರಯೋಗಾಲಯಕ್ಕೆ ತೆಗೆದುಕೊಳ್ಳುತ್ತಾರೆ. ಆ ಕೋರ್ಸಿನ ಶುಲ್ಕ ಕೇಳಿದಾಗ ಗಂಡ ಸೋಫಾದಿಂದ ಎದ್ದು ಕುಳಿತಿದ್ದ. ಅವನು ಹಾಗೆ ಸುಮ್ಮಸುಮ್ಮನೆ ಎದ್ದು ಕೂರುವವನಲ್ಲ.

ನಲವತ್ತನಾಲ್ಕನೆಯದನ್ನು ಹುಡುಕಿಕೊಟ್ಟವರು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತೆ. ದಪ್ಪ ಕನ್ನಡಕದ ಹೆಂಗಸು. ಬೇರೆಯವರು ಕಾದಂಬರಿ ಓದುವ ಹಾಗೆ ಈಕೆ ನಿಯಮಾವಳಿ ಓದುತ್ತಿದ್ದರು.

"ನೀವು ದಿನಾ ಎಷ್ಟು ನಡೀತೀರಮ್ಮ?"

"ಹದಿನೈದು ಹದಿನಾರು ಕಿಲೋಮೀಟರ್ ಆಗುತ್ತೆ ಮೇಡಂ."

"ಕ್ರೀಡಾ ಕೋಟಾದಲ್ಲಿ ಒಂದು ಸೀಟಿದೆ. ಮಹಿಳೆಯರ ನಡಿಗೆ ಸ್ಪರ್ಧೆ. ಐದು ಕಿಲೋಮೀಟರನ್ನ ಇಪ್ಪತ್ತೆಂಟು ನಿಮಿಷದ ಒಳಗೆ ಮುಗಿಸಬೇಕು, ಮುಗಿಸಿದವರಲ್ಲಿ ಮೊದಲನೆಯವರಿಗೆ ಪೂರ್ತಿ ಶುಲ್ಕ ಮಾಫಿ." ಗುಮಾಸ್ತೆ ಪುಸ್ತಕವನ್ನು ಇತ್ತ ತಿರುಗಿಸಿದರು. "ಇದನ್ನ ಓದಿ ನೋಡಿ, ಏನಿಲ್ಲ ಹೇಳಿ."

ಮೀಟರಕ್ಕ ಎರಡು ಸಲ ಓದಿದಳು. ಏನಿಲ್ಲವೆಂದು ತಿಳಿಯಲಿಲ್ಲ.

"ವಯೋಮಿತಿ ಇಲ್ಲ," ಎಂದರು ಗುಮಾಸ್ತೆ, ಧ್ವನಿ ತಗ್ಗಿಸಿ. "ನಲವತ್ತು ದಾಟಿದವರು ಬರಬಹುದು ಅಂತ ಯಾರಿಗೂ ಹೊಳೆದಿಲ್ಲ. ಬರೆಯೋಕೆ ಮರೆತಿದಾರೆ. ಅವರಿಗೆ ನೆನಪಾಗೋದ್ರೊಳಗೆ ಅರ್ಜಿ ಹಾಕಿಬಿಡಿ."

ಮೂರು ತಿಂಗಳಿತ್ತು. ಸ್ಪರ್ಧೆಯ ನಡಿಗೆ ಎಂದರೆ ಸಾಧಾರಣ ನಡಿಗೆಯಲ್ಲ ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿಕೊಟ್ಟಳು. ಎರಡೂ ಪಾದ ಒಟ್ಟಿಗೆ ನೆಲ ಬಿಡಬಾರದು. ಮುಂದಿಟ್ಟ ಕಾಲಿನ ಮಂಡಿ ಬಾಗಬಾರದು. ಸೊಂಟ ಎಷ್ಟು ಬೇಕಾದರೂ ಕುಲುಕಬಹುದು, ಕುಲುಕಲೇಬೇಕು. ಮೀಟರಕ್ಕ ಬೆಳಿಗ್ಗೆ ಐದೂವರೆಗೆ ಎದ್ದು, ತಾನು ದಿನಾ ಕೆಲಸ ಮಾಡುವ ಬೀದಿಗಳಲ್ಲೇ ಹಾಗೆ ನಡೆಯತೊಡಗಿದಳು. ಮಗಳು ಸೈಕಲ್ಲಿನ ಮೇಲೆ ಹಿಂದೆ. ಹನ್ನೊಂದು ವರ್ಷದಿಂದ ತಪ್ಪದೆ ಅಟ್ಟಿಸಿಕೊಂಡು ಬರುತ್ತಿದ್ದ ಮೂಲೆಮನೆಯ ನಾಯಿ, ಈಕೆ ಓಡುತ್ತಿದ್ದಾಳೋ ಇಲ್ಲವೋ ಎಂದು ತೀರ್ಮಾನಿಸಲಾರದೆ ಮೂರನೆಯ ದಿನ ಗೇಟಿನ ಬಳಿಯೇ ಕುಳಿತುಬಿಟ್ಟಿತು. ಮಹಡಿಯ ಮೇಲಿಂದ ಒಬ್ಬ ಹೆಂಗಸು, "ಏನ್ರೀ ಮೀಟರಕ್ಕ, ಹೊಟ್ಟೆ ಸರಿಯಿಲ್ವಾ?" ಎಂದು ಕೇಳಿದಳು.

ಅವಳಿಗೆ ಗಡಿಯಾರ ಕಟ್ಟುವ ಅಭ್ಯಾಸವಿರಲಿಲ್ಲ. ದಿನಕ್ಕೆ ನೂರು ಸಲ ಮೀಟರ್ ಗುಂಡಿಗೆ ಕೈ ಇಳಿಸುವವರು ಯಾರೂ ಕಟ್ಟುವುದಿಲ್ಲ. ಅವಳ ಗಡಿಯಾರವೆಂದರೆ ಅವಳ ಬೀದಿಗಳೇ. ನಾಯಿಮನೆಯಿಂದ ನೀಲಿ ಗೇಟಿಗೆ ಅರವತ್ತು ಹೆಜ್ಜೆ. ಅಲ್ಲಿಂದ ಹಲ್ಲಿನ ಡಾಕ್ಟರಿಗೆ ನೂರಾ ಹತ್ತು. ಆಮೇಲೆ ಬೀಗ ಹಾಕಿದ ಮನೆ, ಮಾತಾಡುವ ಅಜ್ಜಿ, ಮಾತಾಡದ ಅಜ್ಜಿ. ಹೀಗೆ ನಾನೂರು ಹೆಜ್ಜೆಗೆ ಮೈದಾನದ ಒಂದು ಸುತ್ತಾಗುತ್ತದೆ ಎಂದು ಮಗಳು ಲೆಕ್ಕ ಹಾಕಿದಳು. ಪಂಪುಮನೆಯಿಂದ ಹೊರಟು ಬಡಗಿಯ ಅಂಗಡಿಯ ಆಚೆಯ ತಿರುವು ಮುಟ್ಟಿದರೆ ಸರಿಯಾಗಿ ಐದು ಕಿಲೋಮೀಟರ್, ಹನ್ನೆರಡೂವರೆ ಸುತ್ತು. ಕೊನೆಯ ವಾರ ಅದನ್ನು ಇಪ್ಪತ್ತೇಳು ನಿಮಿಷ ಐವತ್ತು ಸೆಕೆಂಡಿಗೆ ತಂದು ನಿಲ್ಲಿಸಿದ್ದಳು.

ಸ್ಪರ್ಧೆ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ. ಇಲಾಖೆಗೆ ಚೀಟಿ ತೋರಿಸುವ ಕೊನೆಯ ದಿನ ಸೋಮವಾರ.

ಕಾಲೇಜಿನ ಮೈದಾನದಲ್ಲಿ ಆರು ಜನ ಸ್ಪರ್ಧಿಗಳಿದ್ದರು. ಉಳಿದ ಐವರ ವಯಸ್ಸು ಸೇರಿಸಿದರೂ ನೂರು ದಾಟುತ್ತಿರಲಿಲ್ಲ. ಮೂರನೆಯ ನಂಬರಿನ ಹುಡುಗಿ ಚೂಯಿಂಗ್ ಗಮ್ ಅಗಿಯುತ್ತ ಕಾಲು ಜಾಡಿಸುತ್ತಿದ್ದವಳು ಮೀಟರಕ್ಕನನ್ನು ನೋಡಿ, ಸೌಜನ್ಯದಿಂದಲೇ, "ಆಂಟಿ, ಪೇರೆಂಟ್ಸಿಗೆಲ್ಲ ಆ ಕಡೆ ಕುರ್ಚಿ ಹಾಕಿದಾರೆ," ಎಂದಳು.

"ನಾನು ಪೇರೆಂಟೇ ಕಣಮ್ಮ. ಆದ್ರೆ ನಂಬರೂ ಕೊಟ್ಟಿದಾರೆ," ಎಂದು ಮೀಟರಕ್ಕ ಎದೆಯ ಮೇಲಿನ ಆರನ್ನು ತೋರಿಸಿದಳು.

ಹುಡುಗಿ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿದಳು. "ನೀವು ಕಾಲೇಜು ಸೇರ್ತೀರಾ?"

"ಸೇರಿಸಿಕೊಂಡ್ರೆ."

"ನಿಮಗೆ ಕೆಲಸ ಇರಬೇಕಲ್ವಾ ಆಂಟಿ? ನನಗೆ ಈ ಸೀಟು ಸಿಗದೆ ಹೋದ್ರೆ ಅಕ್ಕನ ಬ್ಯೂಟಿ ಪಾರ್ಲರೇ ಗತಿ."

"ಪಾರ್ಲರ್ ಏನು ಕೆಟ್ಟದ್ದಾ?"

"ಪಾರ್ಲರ್ ಚೆನ್ನಾಗಿದೆ. ಅಕ್ಕ ಕೆಟ್ಟೋಳು."

ಮುಖ್ಯ ತೀರ್ಪುಗಾರರು ಎಲ್ಲರನ್ನೂ ಕರೆದು ನಿಲ್ಲಿಸಿದರು. ಬಿಳಿ ಟೋಪಿಯ, ನಗು ಎಂಬುದನ್ನು ನಿವೃತ್ತಿಯ ದಿನವೇ ವಾಪಸು ಕೊಟ್ಟುಬಂದಂತಿದ್ದ ಮನುಷ್ಯ. ಟ್ರ್ಯಾಕಿನ ಸುತ್ತ ಐದು ಜನ ತೀರ್ಪುಗಾರರು ನಿಂತಿರುತ್ತಾರೆ, ಎಂದರು. ತಪ್ಪುವ ಸೂಚನೆ ಕಂಡರೆ ಹಳದಿ ಫಲಕ ತೋರಿಸುತ್ತಾರೆ, ಅದು ಎಚ್ಚರಿಕೆ. ತಪ್ಪಿದ್ದೇ ಕಂಡರೆ ಕೆಂಪು ಚೀಟಿ ಬರೆಯುತ್ತಾರೆ, ನಂಬರಿನ ಎದುರು ಹಲಗೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಮೂವರು ಬರೆದರೆ ಸ್ಪರ್ಧೆ ಮುಗಿಯಿತು. "ಆಗ ನಾನೇ ಕೆಂಪು ಫಲಕ ತಗೊಂಡು ನಿಮ್ಮ ಹತ್ತಿರ ಬರ್ತೀನಿ. ಗೆರೆ ಮುಟ್ಟಿದ ಮೇಲೂ ಬರಬಹುದು. ನನ್ನ ಜೊತೆ ವಾದ ಮಾಡಬೇಡಿ. ನನಗೆ ಕಿವಿ ಸ್ವಲ್ಪ ಮಂದ, ಕಣ್ಣಲ್ಲ."

ಸೀಟಿ ಊದಿದರು.

ಮೀಟರಕ್ಕ ಪಂಪುಮನೆಯಿಂದ ಹೊರಟಳು. ನೋಡುವವರಿಗೆ ಅವಳು ಕೆಂಪು ಟ್ರ್ಯಾಕಿನ ಎರಡನೆಯ ಗೆರೆಯಲ್ಲಿ, ಐದು ಹುಡುಗಿಯರ ಹಿಂದೆ, ಸೊಂಟ ಕುಲುಕಿಸುತ್ತ ಹೋಗುತ್ತಿದ್ದಳು. ಒಳಗೆ ಅವಳು ತನ್ನ ಬೀದಿಯಲ್ಲಿದ್ದಳು. ನಾಯಿಮನೆ, ಅರವತ್ತು. ನೀಲಿ ಗೇಟು, ನೂರಾ ಹತ್ತು. ಹಲ್ಲಿನ ಡಾಕ್ಟರು.

"ಎರಡು ಹದಿನಾಲ್ಕು," ಎಂದು ಮಗಳು ಕಂಬಿಯ ಬಳಿಯಿಂದ ಕೂಗಿದಳು. ಮೊದಲ ಅರ್ಧ ಸುತ್ತು ಕಳೆದ ಮೇಲೆ ಎಣಿಕೆ ಶುರು; ಸುತ್ತಿಗೆ ಎರಡು ನಿಮಿಷ ಹದಿನಾಲ್ಕು ಸೆಕೆಂಡು, ಅಷ್ಟೇ ಬೇಕಾದದ್ದು. ಪಕ್ಕದಲ್ಲಿ ಅವಳ ಅಪ್ಪ ನಿಂತಿದ್ದ. ಅರ್ಧ ದಿನ ರಜೆ ಹಾಕಿ ಬಂದವನು, ಕುರ್ಚಿ ಇದ್ದರೂ ಕೂತಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ಒಬ್ಬಳು ಪಕ್ಕೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಳಿತಳು. ಐದನೆಯದರಲ್ಲಿ ಟೋಪಿಯವರು ಕೆಂಪು ಫಲಕ ಹಿಡಿದು ಇನ್ನೊಬ್ಬಳ ಎದುರು ಬಂದು ನಿಂತರು. ಆ ಹುಡುಗಿ ನಂಬಲಾರದೆ ಇನ್ನೂ ಹತ್ತು ಹೆಜ್ಜೆ ಹಾಗೇ ನಡೆದಳು. ಉಳಿದ ಇಬ್ಬರು ಹಿಂದೆ ಬಿದ್ದರು. ಆರು ಮುಗಿಯುವ ಹೊತ್ತಿಗೆ ಮುಂದೆ ಇದ್ದದ್ದು ಗಮ್ ಹುಡುಗಿ, ಅವಳ ಬೆನ್ನಿಗೆ ಮೀಟರಕ್ಕ. ಹಲಗೆಯ ಮೇಲೆ ಮೂರರ ಎದುರು ಒಂದು ಚುಕ್ಕೆ ಬಿದ್ದಿತ್ತು. ಆರರ ಎದುರು ಏನೂ ಇಲ್ಲ.

"ಏನು ಗೊಣಗ್ತಿದೀರಾ ಆಂಟಿ?" ಎಂದಳು ಹುಡುಗಿ ತಿರುಗದೆ.

"ಮನೆ ಎಣಿಸ್ತಿದೀನಿ."

"ಯಾರ ಮನೆ?"

"ಮಾತಾಡಿದ್ರೆ ತಪ್ಪುತ್ತೆ, ಸುಮ್ನೆ ನಡಿ."

ತಪ್ಪಿದ್ದು ಮಾತಿನಿಂದಲ್ಲ. ಏಳನೆಯ ಸುತ್ತಿಗೆ ಅವಳ ಬೀದಿ ಶಾಲೆಯ ಹಿಂದಿನ ಗಲ್ಲಿಗೆ ತಿರುಗುತ್ತದೆ. ಅಲ್ಲಿ ಚರಂಡಿಯ ಚಪ್ಪಡಿ ಒಡೆದು ಹನ್ನೊಂದು ವರ್ಷವಾಗಿದೆ, ಅವಳು ಸೇರಿದ ವರ್ಷವೇ ಒಡೆದದ್ದು. ದೂರು ಕೊಟ್ಟಾಗಿತ್ತು, ಇಲಾಖೆಯವರು ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು. ಅಷ್ಟಕ್ಕೆ ಎಲ್ಲರಿಗೂ ಸಮಾಧಾನವಾಗಿ, ಆಮೇಲೆ ಆ ಗಲ್ಲಿಯವರೆಲ್ಲ ಅದನ್ನು ಹಾರಿಕೊಂಡೇ ಓಡಾಡುತ್ತಿದ್ದರು. ಮೀಟರಕ್ಕನೂ ದಿನಾ ಹಾರುತ್ತಿದ್ದಳು. ಮೂರು ತಿಂಗಳು ಅಭ್ಯಾಸ ಮಾಡುವಾಗಲೂ ಹಾರಿಯೇ ಮಾಡಿದ್ದಳು. ಐದು ಕಿಲೋಮೀಟರಿನಲ್ಲಿ ಅದೊಂದು ಹೆಜ್ಜೆ ನಡಿಗೆಯಲ್ಲ ಎನ್ನುವುದು ಅವಳಿಗೂ ಹೊಳೆದಿರಲಿಲ್ಲ, ಸೈಕಲ್ಲಿನಲ್ಲಿ ಆ ಚರಂಡಿಯನ್ನು ಬಳಸಿ ಬರುತ್ತಿದ್ದ ಮಗಳಿಗೂ ಹೊಳೆದಿರಲಿಲ್ಲ.

ಶಾಲೆಯ ಗೋಡೆ, ಎಂಬತ್ತು. ಒಡೆದ ಚಪ್ಪಡಿ.

ನುಣ್ಣಗೆ ಹಾಸಿದ, ಒಂದು ಹುಲ್ಲುಕಡ್ಡಿಯ ಅಡ್ಡಿಯೂ ಇಲ್ಲದ ಟ್ರ್ಯಾಕಿನ ಮೇಲೆ ಮೀಟರಕ್ಕ ಚೆಂದವಾಗಿ ಒಂದು ಮೊಳ ಹಾರಿದಳು.

ಹಾರಿ ಇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಎದುರು ನಿಂತಿದ್ದ ತೀರ್ಪುಗಾರ್ತಿ ಬಾಯಿ ತೆರೆದು ನೋಡುತ್ತಿದ್ದಳು. ಕಾಲು ತುಸು ಮೇಲೇಳುವವರನ್ನು ಆಕೆ ಸಾಕಷ್ಟು ನೋಡಿದ್ದಳು, ನಡುದಾರಿಯಲ್ಲಿ ಇಲ್ಲದ ಚರಂಡಿ ದಾಟುವವರನ್ನು ನೋಡಿರಲಿಲ್ಲ. ಚೀಟಿ ಬರೆಯಲು ತಲೆ ತಗ್ಗಿಸಿದಳು. ತಿರುವಿನ ಆಚೆ ನಿಂತಿದ್ದ ಇನ್ನೊಬ್ಬ ತೀರ್ಪುಗಾರನೂ ಜೇಬಿನಿಂದ ಪೆನ್ನು ತೆಗೆಯುತ್ತಿದ್ದ.

ಅರ್ಧ ಸುತ್ತು ಬರುವುದರೊಳಗೆ ಆರರ ಎದುರು ಎರಡು ಚುಕ್ಕೆ.

"ಅಮ್ಮಾ, ಏನು ಮಾಡಿದೆ?" ಎಂದಳು ಮಗಳು. ಸಮಯ ಹೇಳುವುದನ್ನೇ ಮರೆತಳು. ಅವಳಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡು, "ಎರಡು ಹದಿನೈದು," ಎಂದು ಲಿಫ್ಟಿನ ಮಹಡಿ ಹೇಳುವವನ ಹಾಗೆ ಹೇಳಿದ. "ಏನೂ ಆಗಿಲ್ಲ. ನಡಿ."

ಏನೂ ಆಗಿಲ್ಲ ಎನ್ನಲು ಅವನಿಗೇನು ಗೊತ್ತು. ಅವಳು ಈಗ ಬೀದಿಗೇ ಹೆದರುತ್ತಿದ್ದಳು. ಮುಂದೆ ಇನ್ನೇನಿದೆ ಎಂದು ನೆನೆಸಿಕೊಳ್ಳಲು ಹೋದಳು. ಇತ್ತು. ಹನ್ನೊಂದನೆಯ ಸುತ್ತಿನಲ್ಲಿ ಬಡಗಿಯ ಅಂಗಡಿ; ಅವನು ಮರದ ದಿಮ್ಮಿ ಉರುಳದಂತೆ ಕಾಲುದಾರಿಗೆ ಅಡ್ಡ ಸರಪಳಿ ಕಟ್ಟಿರುತ್ತಾನೆ. ಅದನ್ನೂ ಅವಳು ದಿನಾ ದಾಟುತ್ತಿದ್ದದ್ದು ಹೀಗೆಯೇ.

ಬೀದಿ ಬೇಡವೇ ಬೇಡ ಎಂದು ಬಿಟ್ಟಳು. ಸುಮ್ಮನೆ ಒಂದು, ಎರಡು, ಮೂರು ಎಂದು ಎಣಿಸಿದಳು. ಎಣಿಕೆಗೆ ಕಾಲು ಒಗ್ಗಲಿಲ್ಲ. ಮಗಳ ಶಾಲೆಯ ಮಗ್ಗಿ ಹೇಳಿಕೊಂಡಳು. ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಹಾಕಿಕೊಂಡಳು. ಬೀದಿಯಿಲ್ಲದೆ ಅವಳ ನಡಿಗೆ, ಮೀಟರ್ ಕಿತ್ತ ನಲ್ಲಿಯ ಹಾಗೆ, ಎಷ್ಟು ಹೋಗುತ್ತಿದೆ ಎಂದೇ ತಿಳಿಯದಾಯಿತು.

"ಎರಡು ಹದಿನೆಂಟು."

ಹುಡುಗಿ ಐದು ಮಾರು ಮುಂದೆ ಹೋದಳು. ಆಮೇಲೆ ಹತ್ತು.

"ಎರಡು ಇಪ್ಪತ್ತು," ಎಂದ ಗಂಡ. ಲಿಫ್ಟಿನ ಧ್ವನಿ ಈ ಸಲ ಅಷ್ಟು ಸರಿಯಾಗಿ ಬರಲಿಲ್ಲ. ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಮ್ಮಾ, ಇನ್ನು ಮೂರು ಸುತ್ತು. ಒಂದೊಂದೂ ಎರಡು ಹನ್ನೆರಡಕ್ಕೆ ಬರಬೇಕು. ಒಂದೊಂದೂ."

ಎರಡು ಹನ್ನೆರಡು. ಅವಳು ಜನ್ಮದಲ್ಲಿ ಒಂದು ಸುತ್ತನ್ನು ಎರಡು ಹನ್ನೆರಡಕ್ಕೆ ನಡೆದವಳಲ್ಲ. ಸೋಮವಾರ ಬೆಳಿಗ್ಗೆ ಇಲಾಖೆಯ ಕಿಟಕಿಯಲ್ಲಿ ಕೂರುವ ಮೇಲ್ವಿಚಾರಕನ ಮುಖ ಕಣ್ಣೆದುರು ಬಂತು. "ಚೀಟಿ ತಂದಿಲ್ವಾ ಅಕ್ಕ?" ಎಂದು ಅವನು ಕೇಳುತ್ತಾನೆ, ಮರುಕದಿಂದಲೇ ಕೇಳುತ್ತಾನೆ, ಕೇಳಿ ಹೆಸರಿನ ಮೇಲೆ ಗೆರೆ ಎಳೆಯುತ್ತಾನೆ. ಗೆರೆ ಎಳೆಯಲು ಅವನ ಬಳಿ ಒಂದು ಸ್ಟೀಲಿನ ಪಟ್ಟಿ ಇತ್ತು. ಆ ಪಟ್ಟಿ ನೆನಪಾದದ್ದೇ ಅವಳಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದೇ ಕಾಲು ಮತ್ತೆ ಬೀದಿ ಹಿಡಿಯಿತು.

ಎರಡು ಸುತ್ತಿನ ಮನೆಗಳನ್ನು ಹಾಗೇ ಬಿಟ್ಟು ಅವಳು ನೇರವಾಗಿ ಹತ್ತನೆಯದಕ್ಕೆ ಇಳಿದಳು. ಇಸ್ತ್ರಿ ಅಂಗಡಿ, ಎಪ್ಪತ್ತು. ಎರಡು ಮೀಟರಿನ ಮನೆ, ತೊಂಬತ್ತು. ಬಾಡಿಗೆ ಹುಡುಗರ ಮನೆ, ಅವರ ಮೀಟರಿನ ಮೇಲೆ ಯಾವಾಗಲೂ ಒದ್ದೆ ಚಪ್ಪಲಿ. ಹುಡುಗಿಯ ಬೆನ್ನು ಹತ್ತು ಮಾರಿನಿಂದ ಏಳಕ್ಕೆ, ಏಳರಿಂದ ಐದಕ್ಕೆ ಬಂತು.

"ಎರಡು ಹದಿಮೂರು."

ಹಲಗೆ ದಾಟುವಾಗ ನೋಡಿದಳು. ಮೂರರ ಎದುರೂ ಈಗ ಎರಡು ಚುಕ್ಕೆ. ಹುಡುಗಿಯ ತಲೆಯೂ ಹಲಗೆಯ ಕಡೆ ತಿರುಗಿತು. ಇಬ್ಬರಿಗೂ ಇನ್ನೊಂದೊಂದೇ ಬಾಕಿ.

ಹನ್ನೊಂದನೆಯ ಸುತ್ತು. ಬಡಗಿಯ ಅಂಗಡಿಗೆ ಇನ್ನೂರು ಹೆಜ್ಜೆ. ಗರಗಸದ ಸದ್ದು ಕಿವಿಯಲ್ಲಿ ಆಗಲೇ ಕೇಳಿಸತೊಡಗಿತ್ತು, ಮರದ ಹೊಟ್ಟಿನ ವಾಸನೆಯೂ ಬಂತು. ನೂರ ಐವತ್ತು. ಸರಪಳಿಯ ನಾಲ್ಕನೆಯ ಕೊಂಡಿಗೆ ಸುತ್ತಿದ್ದ ಕೆಂಪು ಬಟ್ಟೆ ಕಂಡಿತು. ನೂರು. ಎಡಗಾಲು ಏಳುವ ಕಾಲು. ಅದು ಈಗಲೇ ಹುಮ್ಮಸ್ಸಿನಲ್ಲಿತ್ತು. ಅದಕ್ಕೆ ಬುದ್ಧಿ ಹೇಳಿ ಉಪಯೋಗವಿರಲಿಲ್ಲ, ಹನ್ನೊಂದು ವರ್ಷದಿಂದ ಅದು ಅವಳ ಮಾತು ಕೇಳಿದ್ದಲ್ಲ, ಬಡಗಿಯ ಮಾತು ಕೇಳಿದ್ದು. ಐವತ್ತು. ಸರಿಯಾಗಿ ಆ ಜಾಗದಲ್ಲೇ, ಟ್ರ್ಯಾಕಿನ ಅಂಚಿನಲ್ಲಿ, ಇನ್ನೂ ಆರರ ಚೀಟಿ ಬರೆಯದ ತೀರ್ಪುಗಾರನೊಬ್ಬ ಮಂಡಿಯೂರಿ ಅವಳ ಪಾದಗಳನ್ನೇ ನೋಡುತ್ತಿದ್ದ.

ಇಪ್ಪತ್ತು ಹೆಜ್ಜೆ ಇರುವಾಗ ಮೀಟರಕ್ಕ ಎಡಕ್ಕೆ ತಿರುಗಿಬಿಟ್ಟಳು. ಮನಸ್ಸಿನಲ್ಲಿ. ಬಡಗಿಯ ಅಂಗಡಿಗೆ ಮುಂಚೆ ಒಂದು ಅಡ್ಡರಸ್ತೆ ಇದೆ. ಅದು ಅವಳದ್ದಲ್ಲ, ಇನ್ನೊಬ್ಬ ಮೀಟರ್ ರೀಡರನ ಪಾಲಿನದು. ಹನ್ನೊಂದು ವರ್ಷದಲ್ಲಿ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಯಾರ ಮನೆ ಇದೆ, ಎಷ್ಟು ಹೆಜ್ಜೆ, ಎಲ್ಲಿ ನಾಯಿ, ಏನೂ ಗೊತ್ತಿರಲಿಲ್ಲ. ಎಣಿಸಲು ಒಂದೂ ಇಲ್ಲದ ರಸ್ತೆ. ಅದರಲ್ಲಿ ಕಂಡದ್ದು ಒಂದೇ: ಮುಂದೆ ಹೋಗುತ್ತಿದ್ದ ಮೂರನೆಯ ನಂಬರಿನ ಬೆನ್ನು.

ಮಂಡಿಯೂರಿದವನನ್ನು ದಾಟಿದಳು. ಎಡಗಾಲು ನೆಲದಲ್ಲೇ ಇತ್ತು.

"ಎರಡು ಹನ್ನೆರಡು," ಎಂದು ಮಗಳೂ ಗಂಡನೂ ಒಟ್ಟಿಗೆ ಹೇಳಿದರು. ಕೊನೆಯ ಸುತ್ತಿನ ಗಂಟೆ ಹೊಡೆಯಿತು.

ಈಗ ಹುಡುಗಿಗೂ ಅವಳಿಗೂ ಎರಡೇ ಮಾರು. ಹುಡುಗಿಯ ಗಮ್ ಯಾವಾಗಲೋ ಬಿದ್ದುಹೋಗಿತ್ತು, ಬಾಯಿ ತೆರೆದೇ ಇತ್ತು. ಇಬ್ಬರ ಉಸಿರೂ ಒಂದೇ ತಾಳಕ್ಕೆ ಬಿದ್ದವು, ಒಂದು ಮಂಚವನ್ನು ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿಸುವವರ ಉಸಿರಿನ ಹಾಗೆ. ಹಿಂದಿನ ನೇರದಲ್ಲಿ ಮೀಟರಕ್ಕ ಪಕ್ಕಕ್ಕೆ ಬಂದಳು. ಹುಡುಗಿ ಬಿಡಲಿಲ್ಲ. ಕೊನೆಯ ತಿರುವಿನಲ್ಲಿ ಮತ್ತೆ ಒಂದು ಮಾರು ಮುಂದೆ ಹೋದಳು. ಮೀಟರಕ್ಕ ಇದ್ದದ್ದನ್ನೆಲ್ಲ ಕಾಲಿಗೆ ಹಾಕಿದಳು. ಎಲ್ಲೋ ಎರಡು ಹೆಜ್ಜೆಯ ನಡುವೆ ಮೈ ಹಗುರವೆನ್ನಿಸಿತು. ಬಹಳ ಸಣ್ಣ ಹಗುರ, ಮೆಟ್ಟಿಲು ಇನ್ನೊಂದಿದೆ ಎಂದುಕೊಂಡು ಕಾಲಿಟ್ಟಾಗ ಆಗುತ್ತದಲ್ಲ ಅಷ್ಟು. ಅದನ್ನು ಯಾರಾದರೂ ನೋಡಿದರೇ? ತಿರುಗಿ ನೋಡುವ ಹಾಗಿರಲಿಲ್ಲ.

ಹುಡುಗಿ ಗೆರೆ ದಾಟಿದಳು. ಒಂದು ಹೆಜ್ಜೆ ಹಿಂದೆ ಮೀಟರಕ್ಕ.

"ಇಪ್ಪತ್ತೇಳು ಐವತ್ತೇಳು. ಇಪ್ಪತ್ತೇಳು ಐವತ್ತೆಂಟು," ಎಂದು ಮೇಜಿನ ಬಳಿ ಕುಳಿತವರು ಬರೆದುಕೊಂಡರು.

ಇಬ್ಬರೂ ಮಂಡಿಯ ಮೇಲೆ ಕೈಯೂರಿ ಅಕ್ಕಪಕ್ಕ ನಿಂತರು. ಯಾರೂ ಯಾರನ್ನೂ ಅಭಿನಂದಿಸಲಿಲ್ಲ. ಮೈದಾನದ ಐದು ಮೂಲೆಯಿಂದ ತೀರ್ಪುಗಾರರು ಟೋಪಿಯವರ ಕಡೆಗೆ ನಡೆದು ಬರುತ್ತಿದ್ದರು, ಸಂಜೆ ಅಂಗಡಿ ಮುಚ್ಚುವವರ ನಿಧಾನದಲ್ಲಿ. ಒಬ್ಬೊಬ್ಬರಾಗಿ ತಮ್ಮ ಕೈಲಿದ್ದದ್ದನ್ನು ಅವರಿಗೆ ಕೊಟ್ಟರು. ಅವರು ಒಂದು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ದೂರ ಹಿಡಿದು ಓದಿದರು. ಬರೆದವನನ್ನು ಏನೋ ಕೇಳಿದರು. ಅವನು ಕೊನೆಯ ತಿರುವಿನ ಕಡೆ ಕೈ ತೋರಿಸಿದ.

ಟೋಪಿಯವರು ಬಗ್ಗಿ ಮೇಜಿನ ಕೆಳಗಿಂದ ಕೆಂಪು ಫಲಕ ಎತ್ತಿಕೊಂಡರು.

"ಯಾರಿಗೆ ಆಂಟಿ?" ಎಂದಳು ಹುಡುಗಿ, ತುಟಿ ಅಲುಗಿಸದೆ.

"ಗೊತ್ತಿಲ್ಲ."

"ನನಗೆ ಕಾಲು ಎದ್ದ ಹಾಗೆ ಅನ್ನಿಸ್ತು."

ಮೀಟರಕ್ಕ 'ನನಗೂ' ಎನ್ನಬಹುದಿತ್ತು. ಅನ್ನಲಿಲ್ಲ. ಅವಳು ನೋಡುತ್ತಿದ್ದದ್ದು ಟೋಪಿಯವರ ಬೂಟುಗಳನ್ನು. ಅವು ಹುಲ್ಲಿನ ಮೇಲೆ ನೇರವಾಗಿ ಬರುತ್ತಿದ್ದವು, ಇಬ್ಬರ ನಡುವಿನ ಜಾಗಕ್ಕೆ ಗುರಿಯಿಟ್ಟು, ಕೊನೆಯ ಹತ್ತು ಹೆಜ್ಜೆಯವರೆಗೂ ಯಾವ ಕಡೆಗೂ ವಾಲದೆ. ಕಂಬಿಯ ಬಳಿ ಮಗಳು ಅಪ್ಪನ ತೋಳಿನಲ್ಲಿ ಮುಖ ಹುದುಗಿಸಿದ್ದಳು.

ಬೂಟುಗಳು ಬಲಕ್ಕೆ ತಿರುಗಿದವು.

"ನಂಬರ್ ಮೂರು," ಎಂದರು ಟೋಪಿಯವರು, ಫಲಕ ಎತ್ತಿ.

ಆ ಕ್ಷಣದಲ್ಲಿ ಮೀಟರಕ್ಕನಿಗೆ ಆದ ಸಂತೋಷ ಅಷ್ಟೇನೂ ಒಳ್ಳೆಯ ನಮೂನೆಯದಾಗಿರಲಿಲ್ಲ. ಹೊಟ್ಟೆಯ ತಳದಿಂದ ಎದ್ದು ಬಂದ, ಯಾರಿಗೂ ತೋರಿಸಲಾಗದ ಸಂತೋಷ. ಅದು ಮುಖಕ್ಕೆ ಬರುವ ಮುಂಚೆ ಅವಳು ಬಗ್ಗಿ ಶೂಲೇಸು ಬಿಚ್ಚಿದಳು. ಬಿಚ್ಚುವ ಅಗತ್ಯವೇನೂ ಇರಲಿಲ್ಲ, ಮತ್ತೆ ಕಟ್ಟಿದಳು.

"ಸರ್, ಕೊನೆಯ ತಿರುವಿನಲ್ಲಿ ಇವರೂ..." ಎಂದು ಶುರುಮಾಡಿದ ಹುಡುಗಿ ಅಲ್ಲಿಗೇ ನಿಲ್ಲಿಸಿದಳು.

"ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಚೀಟಿ ಮಗೂ," ಎಂದರು ಟೋಪಿಯವರು. ಮಂದವಾದ ಕಿವಿಗೆ ಅಷ್ಟು ಕೇಳಿಸಿತ್ತು. "ಕಾಣದ್ದು ತಪ್ಪಲ್ಲ, ನಿಯಮವೇ ಹಾಗಿದೆ." ಹೇಳಿ, ಒಂದು ಸಲ ಮೀಟರಕ್ಕನ ಪಾದಗಳನ್ನು ನೋಡಿ, ಹೊರಟುಹೋದರು.

ಹುಡುಗಿ ಅಳಲಿಲ್ಲ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದಳು. "ಹಿಂದಿನಿಂದ ನಿಮ್ಮ ಉಸಿರು ಕೇಳಿಸ್ತಾನೇ ಇತ್ತು ಆಂಟಿ," ಎಂದಳು. "ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ."

"ನಿನ್ನ ಬೆನ್ನು ಬಿಟ್ರೆ ನನಗೆ ಬೇರೆ ದಾರಿ ಇರ್ಲಿಲ್ಲ ಕಣೇ," ಎಂದಳು ಮೀಟರಕ್ಕ. ಇದು ನಿಜವಾಗಿತ್ತು.

ಅಷ್ಟರಲ್ಲಿ ಗುಮಾಸ್ತೆ ಕಾಗದಗಳ ಕಟ್ಟು ಹಿಡಿದು ಹುಲ್ಲಿನ ಮೇಲೆ ಎಚ್ಚರಿಕೆಯಿಂದ ಹೆಜ್ಜೆಯಿಡುತ್ತ ಬಂದರು. ಹಿಂದೆಯೇ ಮಗಳು ಓಡಿಬಂದು ಅಮ್ಮನ ಬೆವರಿಗೆ ಅಂಟಿಕೊಂಡಳು. ಗಂಡ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, "ಕುರ್ಚಿ ತರ್ಲಾ?" ಎಂದ.

"ಇಲ್ಲಿ ಸಹಿ ಮಾಡಿ. ಇಲ್ಲಿ. ಇಲ್ಲೂ," ಎಂದರು ಗುಮಾಸ್ತೆ. "ಸೇರ್ಪಡೆ ಚೀಟಿ ಇವತ್ತೇ ಕೊಡ್ತೀನಿ, ಸೋಮವಾರಕ್ಕೆ ಆಗುತ್ತೆ. ಸಹಿ ಮಾಡೋಕೆ ಮುಂಚೆ ಐದನೇ ಷರತ್ತು ಓದಿಬಿಡಿ. ಆಮೇಲೆ ಹೇಳಲಿಲ್ಲ ಅನ್ನಬಾರದು."

"ನೀವೇ ಹೇಳಿ ಮೇಡಂ. ಅಕ್ಷರ ಕುಣೀತಿದೆ."

"ಸೀಟು ಒಂದು ವರ್ಷಕ್ಕೆ ಮಾತ್ರ. ಎರಡನೇ ವರ್ಷಕ್ಕೆ ಇದೇ ತಿಂಗಳು ಮತ್ತೆ ಸ್ಪರ್ಧೆ. ಹೊರಗಿನವರೂ ಬರಬಹುದು. ಗೆದ್ದವರಿಗೆ ಸೀಟು."

ಮೀಟರಕ್ಕನ ಪೆನ್ನು ಕಾಗದದ ಮೇಲೆ ನಿಂತಿತು. ಅವಳು ತಲೆಯೆತ್ತಲಿಲ್ಲ. ಎತ್ತದಿದ್ದರೂ ಪಕ್ಕದಲ್ಲಿ ಹೊರಡಲು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹುಡುಗಿ ನಿಂತದ್ದು ಗೊತ್ತಾಯಿತು. ಚೀಲದ ಜಿಪ್ಪು ಅರ್ಧಕ್ಕೆ ನಿಂತಿತ್ತು.

ಮೀಟರಕ್ಕ ಸಹಿ ಮಾಡಿದಳು. ಮೂರು ಕಡೆಯೂ.

"ಆಂಟಿ," ಎಂದಳು ಹುಡುಗಿ. "ನೀವು ಬೆಳಿಗ್ಗೆ ಎಲ್ಲಿ ಪ್ರಾಕ್ಟೀಸ್ ಮಾಡ್ತೀರಿ?"

"ನಮ್ಮ ಬೀದೀಲೇ. ಪಂಪುಮನೆ ಹತ್ರದಿಂದ."

"ನಾನೂ ಬರ್ಲಾ? ನಮ್ಮನೆ ಅಲ್ಲಿಗೆ ದೂರ ಏನಿಲ್ಲ. ಒಬ್ಬಳೇ ನಡೆದ್ರೆ ನಂಗೆ ಇಷ್ಟು ಸ್ಪೀಡ್ ಬರಲ್ಲ. ಇವತ್ತೇ ಬಂದಿದ್ದು."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಮೀಟರಕ್ಕ ಚೆನ್ನಾಗಿ ನೋಡಿದಳು. ಹನ್ನೊಂದು ವರ್ಷ ಗೇಟು ತಟ್ಟಿದವಳಿಗೆ, ಒಳಗಿದ್ದೂ ಇಲ್ಲ ಅನ್ನುವವರ ಮುಖ ಯಾವುದು, ನಿಜಕ್ಕೂ ಬಾಗಿಲು ತೆಗೆಯುವವರ ಮುಖ ಯಾವುದು ಎಂದು ತಿಳಿಯುತ್ತಿತ್ತು. ಹುಡುಗಿ ಜೊತೆಗೆ ಬಂದರೆ ತನಗೂ ಒಳ್ಳೆಯದೇ. ಎರಡು ಹನ್ನೆರಡು ತನ್ನಿಂದ ಒಂಟಿಯಾಗಿ ಬರುವಂಥದ್ದಲ್ಲ. ಪಾಪ, ಅಕ್ಕನ ಪಾರ್ಲರು ಬೇರೆ. ಮತ್ತು ಮುಂದಿನ ವರ್ಷ ಇದೇ ತಿಂಗಳು ಈ ಹುಡುಗಿಗೆ ಇಪ್ಪತ್ತು, ತನಗೆ ನಲವತ್ತೆರಡು.

"ಬಾ, ಅದಕ್ಕೇನಂತೆ," ಎಂದಳು.

"ಎಷ್ಟು ಗಂಟೆಗೆ?"

"ಏಳೂವರೆ."

ದಿನಾ ಐದೂವರೆಗೆ ಸೈಕಲ್ ಏರಿ ರೂಢಿಯಾದ ಮಗಳು ಬಾಯಿ ತೆರೆದಳು. ಮೀಟರಕ್ಕ ಅವಳ ಭುಜದ ಮೇಲೆ ಕೈಯಿಟ್ಟು, ಪ್ರೀತಿಗಿಂತ ತುಸು ಹೆಚ್ಚೇ ಅಮುಕಿದಳು.

"ಏಳೂವರೆಗೆ ಬರ್ತೀನಿ ಆಂಟಿ," ಎಂದು ಹುಡುಗಿ ಜಿಪ್ಪು ಪೂರ್ತಿ ಎಳೆದು, ಕುಂಟುತ್ತ, ಗೇಟಿನ ಕಡೆ ಹೊರಟಳು.